ಮಸಿಯ ಗಡೀಪಾರು ಪ್ರಕರಣ

ಆಡಳಿತ ಕಾನೂನಿನ ದಪ್ಪ ಪುಸ್ತಕವು ಊಟದ ಮೇಜಿನ ಮೇಲೆ ತೆರೆದು ಬಿದ್ದಿದ್ದ ಆ ಭಾನುವಾರ ಬೆಳಿಗ್ಗೆಯೇ ಅಜ್ಜನ ಆಜ್ಞೆ ಹೊರಬಿದ್ದಿತು: ಮಸಿಯನ್ನು ಇಂದೇ ಮನೆಯಿಂದ ಹೊರಹಾಕತಕ್ಕದ್ದು. ಮಸಿ ಎಂದರೆ ಆ ಮನೆಯ ಕಪ್ಪು ಬೆಕ್ಕು. ಕಪಾಟಿನ ಮೇಲಿದ್ದ ಅಜ್ಜನ ಕನ್ನಡಕವನ್ನು ಕೆಡವಿ ಒಡೆದದ್ದು ಅದರ ಅಪರಾಧ. ನಿವೃತ್ತ ಸ್ಟೇಷನ್ ಮಾಸ್ತರರಾದ ಅಜ್ಜ ಜೀವಮಾನವಿಡೀ ಹಸಿರು ಬಾವುಟ ಬೀಸಿದವರು. ಮನೆಯೊಳಗೆ ಮಾತ್ರ ಅವರ ಕೈಗೆ ಸದಾ ಕೆಂಪು ಬಾವುಟವೇ ಸಿಗುತ್ತಿತ್ತು.

ಕಾನೂನು ಓದುತ್ತಿದ್ದ ಮೊಮ್ಮಗಳಿಗೆ ಮರುದಿನವೇ ಪರೀಕ್ಷೆ. ಆರೋಪಿಯ ಮಾತು ಕೇಳದೆ, ಪಕ್ಷಪಾತ ಇರುವವರು ತೀರ್ಪು ಕೊಡಬಾರದೆನ್ನುವ ಸಹಜ ನ್ಯಾಯದ ಅಧ್ಯಾಯ ಎಷ್ಟು ಓದಿದರೂ ತಲೆಗೆ ಹತ್ತಿರಲಿಲ್ಲ. ಆದರೆ ಓದುವಾಗಲೆಲ್ಲ ಮಡಿಲಲ್ಲಿ ಗುರುಗುಟ್ಟುವ ಮಸಿ ಇಲ್ಲದ ಮನೆಯನ್ನು ಅವಳು ಊಹಿಸಲಾರದೆ ಎದ್ದು ನಿಂತಳು.

"ಅಜ್ಜ, ಈ ಆಜ್ಞೆ ಊರ್ಜಿತ ಅಲ್ಲ."

"ಯಾಕೇ ಲಾಯರಮ್ಮ?"

"ಮಸಿಗೆ ನೋಟಿಸು ಕೊಟ್ರಾ? ಅದರ ಮಾತು ಕೇಳಿದ್ರಾ?"

"ಕೇಳ್ದೆ. ಮಿಯಾಂವ್ ಅಂತು. ತಪ್ಪೊಪ್ಕೊಂಡ ಹಾಗೇ ಇತ್ತು."

"ಅದೂ ಬಿಡಿ. ಒಡೆದಿದ್ದು ನಿಮ್ಮ ಕನ್ನಡಕ. ದೂರು ಕೊಡೋರೂ ನೀವೇ, ತೀರ್ಪು ಕೊಡೋರೂ ನೀವೇ ಅಂದ್ರೆ ಹೇಗೆ? ನಿಮಗೆ ಪಕ್ಷಪಾತ ಇದೆ."

ಅಜ್ಜನಿಗೆ ಆಟ ರುಚಿಸಿತು. "ಸರಿ, ಜಡ್ಜ್ ಕುರ್ಚೀಲಿ ಬೇರೆ ಯಾರಾದ್ರೂ ಕೂತ್ಕೊಳ್ಳಿ."

ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಅಮ್ಮ ಕುರ್ಚಿಯತ್ತ ಹೆಜ್ಜೆಯಿಟ್ಟರು.

"ನಿಲ್ಲಮ್ಮ! ದಿನಾ ಅದಕ್ಕೆ ಹಾಲು ಹಾಕೋದು ಯಾರು? ಪಕ್ಷಪಾತ!" ಎಂದರು ಅಜ್ಜ. ಮೊಮ್ಮಗಳು ಒಪ್ಪಲೇಬೇಕಾಯಿತು.

ಟ್ಯಾಕ್ಸಿ ಓಡಿಸುವ ಚಿಕ್ಕಪ್ಪನನ್ನು ಅವಳೇ ತಡೆದಳು. "ನಿಮ್ಮ ಹೊಸ ಸೀಟು ಪರಚಿದ್ದು ಇದೇ ಮಸಿ. ನಿಮಗೆ ದ್ವೇಷ ಇದೆ."

"ಅಯ್ಯೋ ಮಾರಾಯ್ತಿ, ನಾನು ತಿಂಡಿ ತಿನ್ನೋಕೆ ಬಂದೋನು!"

ಮಹಡಿಯ ಮೇಲಿನ ಮೇಷ್ಟ್ರ ಮನೆಯಲ್ಲಿ ನಾಯಿ ಇತ್ತು, ಅವರೂ ಅನರ್ಹರು. ಮೊಮ್ಮಗಳಂತೂ ಆರೋಪಿಯ ವಕೀಲೆ. ನ್ಯಾಯಪೀಠ ಸಂಪೂರ್ಣ ಬರಿದಾಯಿತು.

ಆಗ ಅರ್ಥವಾಗದೆ ಹಾರಿಸಿಬಿಟ್ಟಿದ್ದ ಪುಟವೊಂದು ಥಟ್ಟನೆ ಅವಳಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮಸಿ ಉಳಿಯುತ್ತಿತ್ತೇನೋ. ಆದರೆ ಹೊಳೆದದ್ದನ್ನು ಹೇಳದೆ ಇರುವುದು ಅವಳಿಂದಾಗಲಿಲ್ಲ.

"ಅಜ್ಜ... ತೀರ್ಪು ಕೊಡೋಕೆ ಬೇರೆ ಯಾರೂ ಇಲ್ದಿದ್ರೆ, ಪಕ್ಷಪಾತ ಇರೋರೇ ಕೂರಬಹುದಂತೆ. ಅನಿವಾರ್ಯತೆಯ ತತ್ವ ಅಂತಾರೆ."

ತನ್ನ ಕೈಯಾರೆ ಅಜ್ಜನನ್ನು ಮತ್ತೆ ಪೀಠಕ್ಕೇರಿಸಿದ ವಕೀಲೆಯನ್ನು ಕಂಡು ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜ ಗತ್ತಿನಿಂದ ಕುರ್ಚಿಯಲ್ಲಿ ಕುಳಿತರು.

"ಆದ್ರೆ ಆದೇಶಕ್ಕೆ ಕಾರಣ ಕೊಡಬೇಕು!" ಎಂದಳು ಅವಳು, ಕೊನೆಯ ಆಸೆಯಿಂದ.

"ಕಾರಣವೇನು? ಕಪಾಟಿನ ಅಂಚಲ್ಲಿದ್ದ ಕನ್ನಡಕ..." ಅಜ್ಜನ ಮಾತು ಅಲ್ಲಿಗೇ ನಿಂತಿತು.

"ಅಂಚಲ್ಲಿ ಇಟ್ಟೋರು ಯಾರು ಮಾವ?" ಅಮ್ಮ ಮೆಲ್ಲಗೆ ಕೇಳಿದರು. "ಹಳದಿ ಗೆರೆಯಿಂದ ಹಿಂದೆ ನಿಲ್ಲಿ ಅಂತ ಪ್ರಯಾಣಿಕರನ್ನೆಲ್ಲ ಗದರಿಸ್ತಿದ್ದೋರು ನೀವೇ ಅಲ್ವಾ?"

ಅಜ್ಜನ ಮೀಸೆಯಡಿಯಲ್ಲಿ ನಗು ಇಣುಕಿತು.

"ಕಾರಣ ಸಿಗ್ತಿಲ್ಲ. ಆಜ್ಞೆ ರದ್ದು!"

ಸಂಜೆಯ ಹೊತ್ತಿಗೆ ಕಪಾಟಿನ ಅಂಚಿನಲ್ಲಿ ಹಳದಿ ಟೇಪಿನ ಗೆರೆಯೊಂದು ಮೂಡಿತ್ತು. ರಿಪೇರಿಯಾಗಿ ಬಂದ ಕನ್ನಡಕ ಗೆರೆಯ ಹಿಂದೆ, ಅದರ ಪಕ್ಕದಲ್ಲಿ ಬಾಲ ಸುತ್ತಿಕೊಂಡ ಮಸಿ. ಅಜ್ಜ ಪುಸ್ತಕವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಈಗ ನೋಡ್ದೆ ಹೇಳು, ಅನಿವಾರ್ಯತೆ ಅಂದ್ರೇನು?"

ಮೊಮ್ಮಗಳು ಕುರ್ಚಿಯಲ್ಲಿದ್ದ ಅಜ್ಜನನ್ನೇ ನೋಡಿ ನಗುತ್ತಾ ಒಂದಕ್ಷರವೂ ಬಿಡದೆ ಹೇಳಿದಳು.