ಉಬ್ಬಿಲ್ಲದ ಗೆರೆ

ಹರಳು ಬೆಳೆಸುವುದು ತಂಗಿಯ ಕೆಲಸ, ಅದನ್ನು ತಣಿಸಿ ಅಳೆಯುವುದು ಅಕ್ಕನದು. ಒಡಹುಟ್ಟಿದವರೇನಲ್ಲ. ಒಂದೇ ಪ್ರಯೋಗಾಲಯ, ಒಬ್ಬರೇ ಮೇಷ್ಟ್ರು, ಒಂದೇ ಬಾಡಿಗೆ ಕೋಣೆ, ಒಂದೇ ಸೋಪು. ಎಲ್ಲರೂ ಅವರನ್ನು ಅಕ್ಕ-ತಂಗಿ ಎಂದೇ ಕರೆಯುತ್ತಿದ್ದರು.

ಹರಳನ್ನು ತಣಿಸುತ್ತಾ ಹೋದರೆ ಒಂದು ಹಂತದಲ್ಲಿ ಅದರೊಳಗಿನ ಎಲೆಕ್ಟ್ರಾನುಗಳು ಅಲೆಯಂತೆ ಸಾಲುಗಟ್ಟುತ್ತವೆ. ಇಲ್ಲಿ ದಟ್ಟ, ಅಲ್ಲಿ ವಿರಳ. ಆಗ ಕರೆಂಟು ಹರಿಯಲು ತಿಣುಕುತ್ತದೆ, ಆ ತಡೆಯನ್ನು ತೋರಿಸುವ ಕಂಪ್ಯೂಟರಿನ ಗೆರೆ ಉಬ್ಬುತ್ತದೆ. ಆ ಉಬ್ಬು ಸರಿಯಾಗಿ ಬಂದರೆ ತಂಗಿಯ ಪಿಎಚ್‌ಡಿ ಮುಗಿದಂತೆ. ಈ ಸಲ ಬರಲೇ ಇಲ್ಲ.

“ಏನು ಮಾಡಿದ್ಯೇ? ಗೆರೆ ನಿನ್ನ ಮೂಗಿಗಿಂತ ಚಪ್ಪಟೆ ಇದೆ.”

“ಹರಳು ಬೆಳೆಸಿದ್ದು ಹಳೇ ಕೊಳವೇಲಿ ಅಕ್ಕ. ಅದ್ರಲ್ಲಿ ಮೊದ್ಲು ತಾಮ್ರದ ಕೆಲ್ಸ ಆಗಿತ್ತು. ಆಸಿಡ್ಡಲ್ಲಿ ತೊಳೆಯೋದು ಮರ್ತೆ. ಮೇಷ್ಟ್ರಿಗೆ ಹೇಳ್ಬೇಡ.”

“ಹುಚ್ಚಿ, ನಾನ್ಯಾಕೆ ಹೇಳ್ಲಿ? ತಾಮ್ರ ಹೊಕ್ಕಿದೆ, ಇದು ಕಸ. ಇಲ್ಲೇ ಬಿಟ್ಟು ಹೋಗು, ನಾನೇ ಬಿಸಾಕ್ತೀನಿ.”

ತಂಗಿ ಹೊಸ ಕೊಳವೆ ತೊಳೆದು ಮತ್ತೆ ಫರ್ನೇಸ್ ಹಚ್ಚಿದಳು. ಅದು ತಣ್ಣಗಾಗುವ ಮೊದಲೇ ಅಕ್ಕನ ಸೆಮಿನಾರು ಬಂತು.

ಪರದೆಯ ಮೇಲೆ ಅದೇ ಉಬ್ಬಿಲ್ಲದ ಗೆರೆ. ಆದರೆ ಅಕ್ಕ ಹರಳನ್ನು ಇನ್ನೂ ಕೆಳಗಿನ ಚಳಿಗೆ ಇಳಿಸಿದ್ದಳು. ಅಲ್ಲಿ ಗೆರೆ ಒಮ್ಮೆಲೇ ಕುಸಿದು ಸೊನ್ನೆ ಮುಟ್ಟಿತ್ತು. ಅಲೆ ಅಡಗಿದ ಹರಳಿನಲ್ಲಿ ಕರೆಂಟು ಯಾವ ಅಡ್ಡಿಯೂ ಇಲ್ಲದೆ ಹರಿದಿತ್ತು. ಸೂಪರ್‌ಕಂಡಕ್ಟರ್!

ನನ್ನ ಹರಳು, ಎಂದು ತಂಗಿ ಹಿಗ್ಗಿದಳು.

“ಅಲೆ ಅಡಗಿಸ್ಬೇಕು ಅಂತಲೇ ತಾಮ್ರ ಸೇರಿಸ್ದೆ,” ಎಂದಳು ಅಕ್ಕ. ಕೊನೆಗೆ ತಣಿಸುವ ಯಂತ್ರಕ್ಕೆ ಹೀಲಿಯಂ ತುಂಬುವವನಿಗೂ ಥ್ಯಾಂಕ್ಸ್ ಹೇಳಿದಳು. ತಂಗಿಯ ಸುದ್ದಿಯನ್ನೇ ಎತ್ತಲಿಲ್ಲ.

ಮೇಷ್ಟ್ರು ಕುರ್ಚಿ ಮುಂದಕ್ಕೆಳೆದರು. “ಭಲೇ! ಎಷ್ಟು ತಾಮ್ರ ಹಾಕಿದ್ಯಮ್ಮ? ನಾಳೆನೇ ಇನ್ನೊಂದು ಬೆಳೆಸೋಣ.”

ಅಕ್ಕ ನೀರು ಕುಡಿದಳು. ಕೋಣೆಯ ಬೀಗದಕೈ ಕಳೆದುಕೊಂಡಾಗ ನೋಡುವಂತೆ ತಂಗಿಯತ್ತ ನೋಡಿದಳು. “ಅವಳಿಗೆ ಗೊತ್ತಿರುತ್ತೆ ಸರ್. ಫರ್ನೇಸ್ ನೋಡ್ಕೊಳ್ಳೋದು ಅವಳೇ.”

ತಂಗಿಗೆ ಲೆಕ್ಕ ಸ್ಪಷ್ಟವಾಯಿತು. ಈಗ ಬಾಯಿಬಿಟ್ಟರೆ ತೊಳೆಯದ ಕೊಳವೆ ತನ್ನ ತಲೆಗೆ, ಹೆಸರು ಅಕ್ಕನಿಗೆ. ಸುಮ್ಮನಿದ್ದರೆ ಕೊಳವೆಯ ಗುಟ್ಟು ಹೊರಬರದು, ಆ ಹರಳು ಮತ್ತೆ ಬೆಳೆಯುವುದಿಲ್ಲ, ಅಕ್ಕನಿಗೂ ಇಲ್ಲ, ತನಗೂ ಇಲ್ಲ.

“ನಂಗೇನ್ ಗೊತ್ತು ಸರ್,” ಎಂದಳು. “ಸೇರಿಸಿದ್ದು ಅವರಲ್ವಾ? ಹೇಳಿ ಅಕ್ಕ, ಎಷ್ಟು ಹಾಕಿದ್ರಿ?”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಅಕ್ಕನತ್ತ ತಿರುಗಿದರು.