ಮೂರನೆಯ ಕೊಂಬು

ದೋನ್ ಎಫ್ರೆನ್‌ನ ಅಂಗಡಿಯ ಗಾಜಿನ ಹಿಂದೆ ಆ ಮಡಕೆ ಕಂಡಾಗ, ಬಸ್ಸು ಹೋದರೆ ಹೋಗಲಿ ಎಂದು ನಿಂತುಬಿಟ್ಟೆ. ಬಿಳಿ ಮಣ್ಣಿನ ಪುಟ್ಟ ಮಡಕೆ. ಅದರ ಹೊಟ್ಟೆಯ ಮೇಲೆ ಕೊಂಬಿನ ಓತಿಯೊಂದು ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿತ್ತು. ಕಣ್ಣಿನ ಕೆಳಗೆ ಒಂದು ಕೆಂಪು ಗೆರೆ. ತಲೆಯ ಹಿಂದೆ ಮೂರು ಕೊಂಬು, ನಡುವಿನದು ಉದ್ದ.

ಅದು ಅಮ್ಮನ ಓತಿ.

ಅಮ್ಮ ಮಾರುವ ಮಡಕೆಗಳ ಮೇಲೆ ಗಿಳಿಗಳಿರುತ್ತವೆ, ಹಾವುಗಳಿರುತ್ತವೆ. ಓತಿ ಇದ್ದದ್ದು ಅವಳ ಮಲಗುವ ಕೋಣೆಯ ನೀರಿನ ಗಡಿಗೆಯ ಮೇಲೆ ಮಾತ್ರ. ನಾನು ಹುಟ್ಟುವ ಮೊದಲೇ ಬರೆದದ್ದು. ಜ್ವರ ಬಂದು ಮಲಗಿದಾಗಲೆಲ್ಲ ಅದನ್ನೇ ನೋಡುತ್ತ ನಾನು ದೊಡ್ಡವಳಾದೆ. ಈ ವರ್ಷ ಮೊದಲ ಸಲ ಅವಳು ಅದನ್ನು ಹೊರಗೆ ತರುತ್ತಿದ್ದಳು, ವರ್ಷದ ಮಡಕೆ ಸ್ಪರ್ಧೆಗೆ ಬರೆಯುತ್ತಿದ್ದ ದೊಡ್ಡ ಮಡಕೆಯ ಮೇಲೆ. ಬಲಗೈ ನಡುಗಲು ಶುರುವಾಗಿತ್ತು. ಬಹುಶಃ ಇದೇ ಕಡೆಯದು ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದಕ್ಕೆ ಮೊದಲೇ ಇನ್ನೊಬ್ಬರ ಮಡಕೆಯಲ್ಲಿ ಅದೇ ಓತಿ ಪೇಟೆಗೆ ಬಂದರೆ, ಕದ್ದವಳು ಅಮ್ಮನೇ ಎಂದಾಗುತ್ತದೆ. ನಮ್ಮೂರಲ್ಲಿ ಒಂದು ಮನೆಯ ಚಿತ್ರವನ್ನು ಇನ್ನೊಂದು ಮನೆ ಮುಟ್ಟುವುದಿಲ್ಲ. ಮುಟ್ಟಿದವರ ಜೊತೆ ಮಾತು ನಿಲ್ಲುತ್ತದೆ, ಮದುವೆಗೂ ಕರೆಯುವುದಿಲ್ಲ.

"ಇದು ಯಾರ ಕೈಕೆಲಸ?" ಎಂದೆ.

ದೋನ್ ಎಫ್ರೆನ್ ಹಲ್ಲುಕಡ್ಡಿಯನ್ನು ಬಾಯಿಯ ಆ ಮೂಲೆಯಿಂದ ಈ ಮೂಲೆಗೆ ಸಾಗಿಸಿದ. "ನಿಮ್ಮೂರ ಕಡೆಯ ಹುಡುಗೀದು. ಹೆಸರು ಹೇಳಲ್ಲ ಟೀಚರ್. ಹೇಳಿದ್ರೆ ನೀವು ನೇರ ಅವಳ ಹತ್ರಾನೇ ಹೋಗ್ತೀರ, ನನ್ನ ಹೊಟ್ಟೆಪಾಡು ಏನಾಗ್ಬೇಕು?"

"ನಾನು ಕೊಳ್ಳೋಕೆ ಕೇಳಿದ್ದಲ್ಲ."

"ಅದು ನಿಮ್ಮ ಮುಖದಲ್ಲೇ ಕಾಣುತ್ತೆ ಬಿಡಿ."

ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಗೆರೆ ದಪ್ಪ, ಕೈ ಇನ್ನೂ ಎಳೆಯದು. ಒಂದೇ ಒಂದು ವ್ಯತ್ಯಾಸವಿತ್ತು. ಅಮ್ಮನ ಓತಿಗೆ ಪಕ್ಕೆಯ ಮುಳ್ಳು ಒಂದೇ ಸಾಲು, ಇದಕ್ಕೆ ಎರಡು. ಬೆಟ್ಟದ ನಿಜವಾದ ಓತಿಗೆ ಇರುವುದೂ ಎರಡೇ. ಕದ್ದದ್ದು ಗೊತ್ತಾಗಬಾರದೆಂದು ಇಷ್ಟು ಮಾತ್ರ ಬದಲಿಸಿದ್ದಾರೆ, ಜಾಣರು, ಎಂದುಕೊಂಡೆ.

ಯಾರು ಎಂಬುದು ಬಸ್ಸಿನಲ್ಲಿ ಕೂರುವ ಮೊದಲೇ ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಅಮ್ಮನ ಕೋಣೆಗೆ ಹೋಗಿ ಬರುವವರು ನಾನು, ನನ್ನ ಮಗಳು ಪಾಲೋಮಾ, ತಮ್ಮ ರಾಮಿರೋ, ಅವನ ಹೆಂಡತಿ ನೊಯೆಲಿಯಾ. ನೊಯೆಲಿಯಾ ಹೊಳೆಯಾಚೆಯ ಊರಿನವಳು. ಅವರದೂ ಮಡಕೆಯ ಮನೆತನ. ಭಾನುವಾರ ತವರಿಗೆ ಹೋಗುವಾಗ ಟವೆಲಿನಲ್ಲಿ ಏನೋ ಸುತ್ತಿಕೊಂಡು ಹೋಗುತ್ತಾಳೆ. ದಿನವೂ ಅಮ್ಮ ಚಿತ್ರ ಬರೆಯುವ ಮೇಜಿನ ಹತ್ತಿರ ಅವಳ ಜೊತೆ ಕೂರುತ್ತಾಳೆ. ನಾನು ಶಾಲೆಯಿಂದ ಬಂದು ಅಂಗಳ ದಾಟಿ ಬಾಗಿಲ ಹತ್ತಿರ ಹೋದರೆ ಇಬ್ಬರ ಮಾತೂ ನಿಲ್ಲುತ್ತದೆ. ಆದ್ದರಿಂದ ನಾನು ಕೆಲವು ಸಲ ಬಾಗಿಲಿಗೆ ಹೋಗುವ ಮೊದಲು ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಏನೂ ಕಂಡಿರಲಿಲ್ಲ. ನೊಯೆಲಿಯಾಳ ಬೆನ್ನು ಮಾತ್ರ.

ಮರುದಿನ ಬೆಳಿಗ್ಗೆ ಪಾಲೋಮಾಳ ಜಡೆ ಹಾಕುವಾಗ ಕೈ ನಿಂತಿತು. ಕುತ್ತಿಗೆಯ ಮೇಲೆ, ಒಳಗಿನ ಕೂದಲಿನಲ್ಲಿ ಒಂದು ಕುಚ್ಚನ್ನು ಯಾರೋ ಬುಡದಿಂದ ಕತ್ತರಿಸಿದ್ದರು.

"ಯಾರು ಕತ್ತರಿಸಿದ್ದು?"

"ನೊಯೆಲಿಯಾ ಆಂಟಿ. ನಿಂಗೆ ಹೇಳ್ಬಾರ್ದಂತೆ."

ಬೇರೆ ಊರಿನ ತಾಯಿಯಾದರೆ ಮಾಟ ಎಂದು ಹೆದರುತ್ತಿದ್ದಳೋ ಏನೋ. ನಮ್ಮೂರಲ್ಲಿ ಅದಕ್ಕೆ ಅರ್ಥ ಒಂದೇ. ತೆಳು ಗೆರೆಯ ಕುಂಚ ಕಟ್ಟುವುದು ಮಗುವಿನ ಕೂದಲಿನಿಂದ. ನೊಯೆಲಿಯಾ ತನ್ನದೇ ಕುಂಚ ಕಟ್ಟಿಕೊಂಡಿದ್ದಾಳೆ. ಅದೂ ನನ್ನ ಮಗಳ ತಲೆಯಿಂದ.

ಆ ಸಂಜೆ ನೊಯೆಲಿಯಾ ಇಲ್ಲದ ಹೊತ್ತು ನೋಡಿ ಅಮ್ಮನಿಗೆ ಎಲ್ಲ ಹೇಳಿದೆ. ಪದಗಳನ್ನು ಆರಿಸಿಕೊಂಡೇ ಹೇಳಿದೆ. ಕಳ್ಳಿ ಎನ್ನಲಿಲ್ಲ. ಅಮ್ಮ ಬೀನ್ಸ್ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕಣ್ಣಾರೆ ನೋಡಿದ್ಯಾ?"

"ಮಡಕೆ ನೋಡಿದೆ. ಮೂರು ಕೊಂಬಮ್ಮ. ಇನ್ನೆಲ್ಲಿಂದ ಬರುತ್ತೆ?"

ಅವಳು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. ಮರುದಿನ ಮೇಜಿನ ಹತ್ತಿರ ನೊಯೆಲಿಯಾಳ ಸ್ಟೂಲು ಇರಲಿಲ್ಲ.

ನೊಯೆಲಿಯಾ ನನ್ನನ್ನು ಬಟ್ಟೆ ಒಣಗಿಸುವ ತಂತಿಯ ಹತ್ತಿರ ಹಿಡಿದಳು.

"ಅಕ್ಕಾ, ಅತ್ತೆ ಹತ್ರ ಏನ್ ಹೇಳಿದ್ರಿ?"

"ನಾನು ನೋಡಿದ್ದನ್ನ ಹೇಳ್ದೆ."

"ಕಿಟಕಿ ಹತ್ರ ನಿಂತು ನೋಡಿದ್ದಾ? ನಿಮ್ಮ ನೆರಳು ಮೇಜಿನ ಮೇಲೇ ಬೀಳುತ್ತೆ, ಗೊತ್ತಾ? ಅತ್ತೇನೇ ಒಂದಿನ ಅಂದ್ರು, ಎಲ್ವಿರಾ ಯಾಕಿಷ್ಟು ಇಣುಕ್ತಾಳೆ, ಫೋಟೋ ಗೀಟೋ ತೆಗೀತಿದ್ದಾಳಾ ಅಂತ. ಅದಕ್ಕೇ ನೀವು ಬಂದ್ರೆ ನಾವು ಬಾಯಿ ಮುಚ್ಕೊಳ್ತಿದ್ವಿ."

"ನನ್ನ ಮೇಲೇನಾ ಅನುಮಾನ?"

"ನೀವು ಮಾಡಿದ್ರೆ ಹುಷಾರು, ನಾವು ಮಾಡಿದ್ರೆ ಅನುಮಾನ." ಅವಳು ಒದ್ದೆ ಅಂಗಿಯನ್ನು ಪಟಾರನೆ ಕೊಡವಿದಳು. ಹನಿ ನನ್ನ ಮುಖಕ್ಕೆ ಹಾರಿತು. "ಕೂದಲು ಅತ್ತೆಗೇ ಬೇಕಾಗಿತ್ತು. ಇಷ್ಟು ವರ್ಷ ಅವರು ತೆಳು ಗೆರೆ ಎಳೆದಿದ್ದು ನಿಮ್ಮ ಚಿಕ್ಕಂದಿನ ಕೂದಲಲ್ಲಿ. ಅದು ಸವೆದುಹೋಯ್ತು. ಕೇಳಿದ್ರೆ ನೀವು ಕೊಡ್ತಿದ್ರಾ, ಇಲ್ಲಾ ಸಾವಿರ ಪ್ರಶ್ನೆ ಹಾಕ್ತಿದ್ರಾ?"

"ಟವೆಲಲ್ಲಿ ಏನು?"

"ನಮ್ಮಮ್ಮಂಗೆ ತೊರ್ತಿಯಾ ರೊಟ್ಟಿ! ಮುಂದಿನ ಭಾನುವಾರ ಬಿಚ್ಚಿ ತೋರಿಸ್ಲಾ? ಒಂದು ತಿಂದೂ ನೋಡಿ."

ನಾನು ಪೂರ್ತಿ ನಂಬಲಿಲ್ಲ. ಉತ್ತರಗಳು ತೀರ ಸರಾಗವಾಗಿದ್ದವು. ಆದರೆ ಆ ವಾರ ಅಮ್ಮನ ಮಡಕೆ ಒಂದು ಗೆರೆಯಷ್ಟೂ ಮುಂದೆ ಹೋಗಲಿಲ್ಲ. ನಡುಗುವ ಕೈಗೆ ತಕ್ಕಂತೆ ಮಡಕೆಯನ್ನು ಮೆಲ್ಲಗೆ ತಿರುಗಿಸಿಕೊಡುತ್ತಿದ್ದವಳು ನೊಯೆಲಿಯಾ. ಕುಂಚ ನಿಂತಲ್ಲೇ ನಿಲ್ಲುತ್ತಿತ್ತು, ಅದರ ಕೆಳಗೆ ಮಡಕೆ ನಡೆಯುತ್ತಿತ್ತು. ನಾನು ಕಿಟಕಿಯಿಂದ ನೋಡಿದ್ದ ಬೆನ್ನು ಮಾಡುತ್ತಿದ್ದ ಕೆಲಸ ಅದು. ಈಗ ಅಮ್ಮ ಕುಂಚವನ್ನು ಬಣ್ಣಕ್ಕೆ ಅದ್ದುತ್ತಾಳೆ, ಮಡಕೆಯನ್ನು ನೋಡುತ್ತಾಳೆ, ಕುಂಚ ತೊಳೆದಿಡುತ್ತಾಳೆ. ಸ್ಪರ್ಧೆಗೆ ಮೊದಲು ಚಿತ್ರ ಮುಗಿಸಿ ಮಡಕೆಯನ್ನು ಬೆರಣಿಯ ಬೆಂಕಿಯಲ್ಲಿ ಸುಡಬೇಕಿತ್ತು. ನಾನು ತಿರುಗಿಸಿಕೊಡುತ್ತೇನೆ ಎಂದಾಗ, "ನಿನ್ನ ಕಣ್ಣು ಕೈ ಮೇಲಿರಲ್ಲ, ಜನರ ಮೇಲಿರುತ್ತೆ," ಎಂದಳು.

ಶುಕ್ರವಾರ ಮರಳುಗಾಡಿನ ಪ್ರಾಣಿಗಳ ಪಾಠ. ಹುಡುಗರಲ್ಲೊಬ್ಬ ಕೆಂಪಿರುವೆ ಗೂಡಿನ ಹತ್ತಿರ ಹಿಡಿದ ಓತಿಯನ್ನು ಟೋಪಿಯಲ್ಲಿ ಮುಚ್ಚಿಕೊಂಡು ಬಂದಿದ್ದ. ನನ್ನ ಅಂಗೈಯಲ್ಲಿ ಅದು ಉಸಿರು ತುಂಬಿಕೊಂಡು ಅಗಲವಾಯಿತು. ಕಣ್ಣು ಅರೆ ಮುಚ್ಚಿ, ನನ್ನನ್ನು ನಂಬುವುದೋ ಬೇಡವೋ ಎಂದು ಲೆಕ್ಕ ಹಾಕುವಂತೆ ಕೂತಿತು. ಮಕ್ಕಳು ಸುತ್ತ ಮುತ್ತಿದರು.

"ರಕ್ತ ಹಾರಿಸುತ್ತಾ ಟೀಚರ್?"

"ನಾಯಿ ಬಂದ್ರೆ ಹಾರಿಸುತ್ತೆ. ನೀನು ನಾಯಿನಾ?"

"ಇವನು ನಾಯಿನೇ ಟೀಚರ್!"

ನಗುವಿನ ನಡುವೆ ಬ್ರೆಂಡಾ ಎಂಬ ಹುಡುಗಿ ಕನಿಕರದಿಂದ ಹೇಳಿದಳು, "ಪಾಪ, ಇದರ ಒಂದು ಕೊಂಬು ಬಿದ್ದೋಗಿದೆ."

"ಎಲ್ಲಿ?"

"ಮಧ್ಯದ್ದು. ನೋಡಿ, ಅಲ್ಲಿದೆಯಲ್ಲ." ಅವಳು ಗೋಡೆಯ ಕಡೆ ಕೈ ತೋರಿದಳು.

ಗೋಡೆಯ ಮೇಲೆ ನನ್ನ ಚಾರ್ಟಿತ್ತು. ಹಿಂದಿನ ವರ್ಷ ಬೋಗುಣಿಯಲ್ಲಿ ಜೀವಂತ ಓತಿಯನ್ನಿಟ್ಟುಕೊಂಡು, ನೋಡಿ ನೋಡಿ ನಾನೇ ಬರೆದದ್ದು. ಪಕ್ಕೆಯ ಮುಳ್ಳು ಎರಡು ಸಾಲು, ಸರಿಯಾಗಿ. ಬೆರಳು, ಬಾಲ, ಬೆನ್ನಿನ ಮಚ್ಚೆ, ಎಲ್ಲ ಸರಿ. ಕಣ್ಣಿನ ಕೆಳಗೆ ಕೆಂಪು ಗೆರೆ. ತಲೆಯ ಹಿಂದೆ ಮೂರು ಕೊಂಬು, ನಡುವಿನದು ಉದ್ದ. ಒಂದೊಂದಕ್ಕೂ ಬಾಣದ ಗುರುತು ಹಾಕಿ ಕೆಳಗೆ ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಹೆಸರು.

ಅಂಗೈಯನ್ನು ನೋಡಿದೆ. ಎರಡು ದೊಡ್ಡ ಕೊಂಬು. ನಡುವೆ ಬರೀ ತಗ್ಗು. ಅಲ್ಲಿ ಏನೂ ಬಿದ್ದಿರಲಿಲ್ಲ, ಏನೂ ಇರಲೇ ಇಲ್ಲ. ಬೋಗುಣಿಯಲ್ಲಿ ಒಂದು ಓತಿಯನ್ನಿಟ್ಟುಕೊಂಡು ನಾನು ಬರೆದದ್ದು ಗಡಿಗೆಯ ಮೇಲಿನದನ್ನು.

"ಈ ಚಿತ್ರವನ್ನ ಯಾರಾದ್ರೂ ನೋಡಿ ಬರ್ಕೊಂಡಿದ್ದೀರಾ?" ಎಂದು ಕೇಳಿದೆ.

ಬ್ರೆಂಡಾ ಕೈ ಎತ್ತಿದಳು. "ನಾನು ಹೋಮ್‌ವರ್ಕಿಗೆ ಬರ್ಕೊಂಡಿದ್ದೆ. ನಮ್ಮಕ್ಕ ಅದನ್ನ ನೋಡಿ ಮಡಕೆ ಮೇಲೆ ಹಾಕಿದ್ಲು. ಸೈನ್ಸಿಂದಲ್ವಾ, ಯಾರ ಮನೇದೂ ಅಲ್ವಲ್ಲಾ ಅಂದ್ಲು. ತಪ್ಪಾ ಟೀಚರ್?"

"ಇಲ್ಲ," ಎಂದೆ. "ಅವಳದು ತಪ್ಪಲ್ಲ."

ಬೆಲ್ಲು ಹೊಡೆದ ಮೇಲೆ ಓತಿಯನ್ನು ಅದೇ ಇರುವೆ ಗೂಡಿನ ಹತ್ತಿರ ಬಿಟ್ಟು, ಚಾರ್ಟನ್ನು ಸುರುಳಿ ಸುತ್ತಿಕೊಂಡು ನೊಯೆಲಿಯಾಳ ಅಡುಗೆಮನೆಗೆ ಹೋದೆ. ಅವಳು ಮೆಣಸಿನಕಾಯಿ ಸುಡುತ್ತಿದ್ದಳು. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಚಾರ್ಟನ್ನು ಬಿಡಿಸಿ ತೋರಿಸಿದೆ, ಅಂಗಡಿಯ ಮಡಕೆ ಯಾರದೆಂದು ಹೇಳಿದೆ. ಕ್ಷಮಿಸು ಎಂಬ ಮಾತು ಕಡೆಗೆ ಬಂತು. ಎಷ್ಟು ಆರಿಸಿದರೂ ಅದಕ್ಕೆ ಬೇರೆ ಪದ ಸಿಗಲಿಲ್ಲ.

ಅವಳು ಮೆಣಸಿನಕಾಯಿ ಮಗುಚಿದಳು. "ಅತ್ತೆ ಜೊತೆ ಕೂರೋಕೆ ಮತ್ತೆ ಬರ್ತೀನಿ. ಆದ್ರೆ ಕಿಟಕಿ ಬೇಡ ಅಕ್ಕಾ. ನೋಡ್ಬೇಕು ಅನ್ಸಿದ್ರೆ ಒಳಗೆ ಬಂದು ಕೂತ್ಕೊಂಡು ನೋಡಿ."

ನನ್ನಿಂದ ಎಲ್ಲ ಕೇಳಿದ ಮೇಲೆ ಅಮ್ಮ ಚಾರ್ಟನ್ನು ತೊಡೆಯ ಮೇಲೆ ಹರಡಿಕೊಂಡಳು. ನಾನು ಬೈಗುಳಕ್ಕೆ ಕಾದೆ.

"ನೀನೂ ಮೂರು ಹಾಕಿದೀಯಲ್ಲೇ," ಎಂದಳು, ಬೆರಳನ್ನು ನಡುವಿನ ಕೊಂಬಿನ ಮೇಲಿಟ್ಟು.

"ನಿಜವಾದ ಓತಿಗೆ ಎರಡೇ ಅಮ್ಮ."

"ಹೌದಾ? ನಾನ್ಯಾವತ್ತು ಹಿಡಿದು ನೋಡಿದ್ದೆ? ರಕ್ತ ಹಾರಿಸುತ್ತೆ ಅಂತ ಓಡಿಹೋಗ್ತಿದ್ದೆ. ದಿಬ್ಬದಲ್ಲಿ ಹಳೇಕಾಲದವರ ಮಡಕೆ ಚೂರು ಸಿಕ್ತು, ಅದರಲ್ಲಿತ್ತು. ತಲೆ ಮಧ್ಯಕ್ಕೇ ಒಡೆದಿತ್ತು. ಈ ಕಡೆ ಒಂದು ಕೊಂಬು, ಆ ಕಡೆ ಒಂದು. ಮಧ್ಯೆ ಖಾಲಿ ಬಿಡೋಕೆ ಮನಸ್ಸು ಬರ್ಲಿಲ್ಲ."

ನೊಯೆಲಿಯಾ ತನ್ನ ಸ್ಟೂಲನ್ನು ಎಳೆದುಕೊಂಡು ಕೂತಳು, ಎರಡೂ ಅಂಗೈಗಳನ್ನು ಮಡಕೆಯ ಹೊಟ್ಟೆಗೆ ಆನಿಸಿದಳು. ನಾನು ಬಾಗಿಲ ಪಕ್ಕದ ಬುಟ್ಟಿಯನ್ನು ಬೋರಲು ಹಾಕಿ ಕೂತೆ. ಅಮ್ಮ ಪಾಲೋಮಾಳ ಕೂದಲಿನ ಕುಂಚವನ್ನು ಅದ್ದಿ, ಓತಿಯ ಪಕ್ಕೆಯ ಹತ್ತಿರ ತಂದು ನಿಲ್ಲಿಸಿ, ಚಾರ್ಟಿನ ಕಡೆ ಕಣ್ಣು ಹೊರಳಿಸಿದಳು.

"ಈ ಎರಡನೇ ಸಾಲು ಚೆನ್ನಾಗಿದೆ ಕಣೆ. ಇದನ್ನ ನಾನು ಕದಿಯೋಳೇ."

"ಅಮ್ಮ, ಬೇಡ! ಎರಡು ಸಾಲು ಅಂಗಡಿ ಮಡಕೆಯಲ್ಲೂ ಇದೆ. ಜಡ್ಜುಗಳು ನೀನೇ ನೋಡಿ ಬರ್ದೆ ಅಂತಾರೆ."

"ಅನ್ಲಿ. ಸ್ಪರ್ಧೆ ದಿನ ನೀನು ಈ ಕಾಗದ ಹಿಡ್ಕೊಂಡು ನನ್ನ ಪಕ್ಕ ನಿಂತ್ಕೊ. ಗಡಿಗೇನೂ ಹೊತ್ಕೊಂಡು ಬಾ. ಯಾವುದು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೀನೇ ಹೇಳು, ಎಲ್ಲರ ಮುಂದೆ. ಆ ಬ್ರೆಂಡಾಳ ಅಕ್ಕ ಇದ್ರೆ ಅವಳ ಮುಂದೇನೂ."

"ಎಲ್ಲರ ಮುಂದೇನಾ?"

"ನನ್ನ ಹತ್ರ ಹೇಳೋವಾಗ ನಾಲಿಗೆ ಚೆನ್ನಾಗೇ ಓಡಿತ್ತಲ್ಲ," ಎಂದಳು ಅಮ್ಮ. ನೊಯೆಲಿಯಾ ನಗು ತಡೆದುಕೊಂಡದ್ದು ಅವಳ ಭುಜದಲ್ಲಿ ಕಂಡಿತು.

ಹೇಳುತ್ತೇನೆ ಎಂದೆ. ನೊಯೆಲಿಯಾ ಉಸಿರು ಬಿಗಿಹಿಡಿದು ಮಡಕೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಕುಂಚದ ಕೆಳಗೆ ಮುಳ್ಳುಗಳ ಎರಡನೆಯ ಸಾಲು ಒಂದೊಂದಾಗಿ ಬಂತು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ನೋಡಬೇಡ ಎಂದು ಯಾರೂ ಹೇಳಲಿಲ್ಲ.