ಮುಂಚೆ ಯಾರಾದ್ರೂ ಕೈ ಹಾಕಿದ್ರಾ?

ಆ ಗ್ಯಾರೇಜಿನಲ್ಲಿ ಒಂದು ಪ್ರಶ್ನೆ ಕೇಳದೆ ಯಾವ ಗಾಡಿಯನ್ನೂ ಮುಟ್ಟುವಂತಿರಲಿಲ್ಲ. "ಇದಕ್ಕೆ ಮುಂಚೆ ಯಾರಾದ್ರೂ ಕೈ ಹಾಕಿದ್ರಾ?" ಗಿರಾಕಿ ಹೌದು ಅಂದರೆ ಯಾರು, ಏನು ಮಾಡಿದರು ಅಂತ ಪೂರ್ತಿ ಕೇಳಿಕೊಂಡು ಆಮೇಲೆ ಬಾನೆಟ್ ಎತ್ತಬೇಕು. ಇಲ್ಲ ಅಂದರೆ ಅವನ ಕಣ್ಣು ನೋಡಬೇಕು. ನಿಜ ಹೇಳುವವನು ಮುಖ ನೋಡುತ್ತಾನೆ, ಸುಳ್ಳು ಹೇಳುವವನು ಟೈರು ನೋಡುತ್ತಾನೆ. ಇದು ಮೇಸ್ತ್ರಿ ಮಗಳಿಗೆ ಕಲಿಸಿದ ಮೊದಲ ಪಾಠ. ಸ್ಪ್ಯಾನರ್ ಹಿಡಿಯುವುದನ್ನು ಆಮೇಲೆ ಕಲಿಸಿದ್ದ.

ಮಗಳು ಆ ಪಾಠಕ್ಕೆ ತನ್ನದೊಂದು ಬಾಲ ಸೇರಿಸಿದ್ದಳು. ಅದು ಬೈಗುಳ. ಬೀದಿಯವರೆಲ್ಲ ಅವಳನ್ನು ಬೆಂಕಿಪೊಟ್ಟಣ ಅಂತ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಎದುರಿಗೆ ಕರೆಯುವ ಧೈರ್ಯ ಯಾರಿಗಿದೆ?

ಆವತ್ತು ಬೆಳಿಗ್ಗೆಯೂ ಒಬ್ಬ ವಕೀಲ ಸಿಕ್ಕಿಬಿದ್ದಿದ್ದ. ಯಾರೂ ಕೈ ಹಾಕಿಲ್ಲ ಅಂತ ಟೈರಿಗೆ ಹೇಳಿದ. ಅವಳು ಬಾನೆಟ್ ಎತ್ತಿದಳು. ಒಳಗೆ ವೈರೊಂದಕ್ಕೆ ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ ಟೇಪು ಸುತ್ತಿದ್ದರು.

"ಈ ಟೇಪು ಕಾರಿನ ಜೊತೆಗೇ ಹುಟ್ಟಿತ್ತಾ ಸಾರ್?"

"ಅದು... ನಮ್ಮ ಭಾವಮೈದ ಸ್ವಲ್ಪ..."

"ಸ್ವಲ್ಪ! ಹೊತ್ತಿಕೊಂಡಿದ್ರೆ ಸುಡ್ತಿದ್ದಿದ್ದು ನಿಮ್ಮ ಭಾವಮೈದನ ಕೈ ಅಲ್ಲ, ನನ್ನ ಕೈ! ಕೋರ್ಟಲ್ಲಿ ದಿನವೆಲ್ಲ ನಿಜ ಹೇಳಿ ನಿಜ ಹೇಳಿ ಅಂತ ಬಾಯಿ ಬಡ್ಕೊಳ್ತೀರಲ್ಲ, ಇಲ್ಲಿ ಒಂದು ನಿಜ ಹೇಳೋಕೆ ಏನು ರೋಗ ನಿಮಗೆ?"

ವಕೀಲ ಮುದುಡಿಕೊಂಡು ನಿಂತ. ಇಂಥ ಹೊತ್ತಲ್ಲಿ ಮೇಸ್ತ್ರಿ ಕಂಪ್ರೆಸರ್ ಪಕ್ಕದ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುವುದು ವಾಡಿಕೆ. ಆವತ್ತು ನಗಲಿಲ್ಲ. ಶಾಲನ್ನು ಇನ್ನಷ್ಟು ಎಳೆದುಕೊಂಡು ನೆಲ ನೋಡುತ್ತಾ ಕೂತಿದ್ದ. ಸುಸ್ತಾಗಿರಬೇಕು ಅಂದುಕೊಂಡಳು ಮಗಳು.

ಸುಸ್ತಾಗದೆ ಇರುತ್ತದೆಯೇ? ಮೇಸ್ತ್ರಿಗೆ ರಕ್ತದ ಕ್ಯಾನ್ಸರ್. ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟಿ, ಹುಟ್ಟಿದ ಮನೆಯನ್ನೇ ಕೊರೆಯುವ ಜಾತಿಯದು. ಇಂಜಿನ್ನಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಹೋಯಿತು ಅಂತ ಅವನು ಎಣ್ಣೆ ತಿಕ್ಕಿಕೊಂಡು ಕಾಲ ಕಳೆದಿದ್ದ. ಗೊತ್ತಾಗುವ ಹೊತ್ತಿಗೆ ಬೆನ್ನುಮೂಳೆ ತೂತು ಬಿದ್ದಿತ್ತು. ಈಗ ವಾರವಾರ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್, ಜೊತೆಗೆ ಹಿಡಿ ತುಂಬ ಮಾತ್ರೆ. ರಕ್ತದಲ್ಲಿ ಒಂದು ಕೆಟ್ಟ ಪ್ರೋಟೀನು ಇರುತ್ತದೆ, ಅದು ಇಳಿಯಬೇಕು. ಇಳಿದರೆ ಅವನದೇ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಕಣ, ತೆಗೆದಿಟ್ಟು, ಮಜ್ಜೆ ತೊಳೆದು, ಮತ್ತೆ ಒಳಗೆ ಬಿಡುತ್ತಾರೆ. ಅದೇ ಟ್ರಾನ್ಸ್‌ಪ್ಲಾಂಟ್. ಹಾಗಾದರೆ ಕೆಲವು ವರ್ಷ ನೆಮ್ಮದಿಯಾಗಿ ಕಳೆಯಬಹುದು. ಇಳಿಯದಿದ್ದರೆ ಆ ದಾರಿ ಮುಚ್ಚಿದ ಹಾಗೆ. ಮೊದಲು ಚೆನ್ನಾಗಿಯೇ ಇಳಿಯಿತು. ಆಮೇಲೆ ಇಳಿಜಾರಿನಲ್ಲಿ ಯಾರೋ ಹ್ಯಾಂಡ್ ಬ್ರೇಕ್ ಎಳೆದ ಹಾಗೆ ನಿಂತುಬಿಟ್ಟಿತು.

ಹಿಂದಿನ ವಾರ ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ತಿರುಗಿಸಿ ನೋಡಿ, "ಔಷಧಿ ಬದಲಾಯಿಸಬೇಕಾಗಬಹುದು. ಟ್ರಾನ್ಸ್‌ಪ್ಲಾಂಟ್ ಮುಂದಕ್ಕೆ ಹೋಗುತ್ತೆ" ಅಂದಿದ್ದರು. ಆಮೇಲೆ ಕಂಪ್ಯೂಟರಿನಿಂದ ಮುಖ ಎತ್ತದೆ, "ಬೇರೆ ಯಾವ ಔಷಧಿನೂ ತಗೊಳ್ತಿಲ್ಲ ಅಲ್ವಾ?" ಅಂತ ಕೇಳಿದ್ದರು. ಕೇಳಿದ್ದಲ್ಲ ಅದು, ಉತ್ತರವನ್ನೂ ತಾವೇ ಬರೆದು ಸಹಿ ಹಾಕಿಸಿಕೊಂಡಂತೆ.

"ಇಲ್ಲ ಮೇಡಂ" ಅಂದಿದ್ದ ಮೇಸ್ತ್ರಿ.

ಹಾಗಂದಾಗ ಅವನು ನೋಡಿದ್ದು ಏನನ್ನು? ಅದು ಮಗಳಿಗೆ ಹೊಳೆದದ್ದು ಇವತ್ತು, ವಕೀಲ ಹೋದ ಮೇಲೆ, ಕೈ ತೊಳೆಯುತ್ತಾ ನಿಂತಾಗ. ಡಾಕ್ಟರಮ್ಮನ ಕುರ್ಚಿಗೆ ಚಕ್ರಗಳಿದ್ದವು. ಅವಳ ಅಪ್ಪ ಆ ಚಕ್ರ ನೋಡುತ್ತಾ ಹೇಳಿದ್ದ.

ಸೋಪಿನ ಕೈಯಲ್ಲೇ ಒಳಗೆ ಹೋದಳು.

ಮೇಸ್ತ್ರಿ ಒಳಗಿನ ಕೋಣೆಯಲ್ಲಿ ಮಲಗಿದ್ದ. ಅವನ ಸ್ವಂತ ಟೂಲ್ ಬಾಕ್ಸ್ ಗೋಡೆಯ ಪಕ್ಕದಲ್ಲಿತ್ತು. ಅದನ್ನು ಬೇರೆ ಯಾರೂ ತೆರೆಯಬಾರದು, ಮಗಳೂ ಅಷ್ಟೇ. ಇಷ್ಟು ವರ್ಷ ಒಂದು ಸ್ಕ್ರೂ ಬೇಕಾದರೂ ಕೇಳಿಯೇ ತೆಗೆದವಳು ಆವತ್ತು ಕೇಳಲಿಲ್ಲ. ಮೇಲಿನ ತಟ್ಟೆ ಎತ್ತಿದಳು. ಸಾಕೆಟ್‌ಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಬಾಟಲಿ. ಹಸಿರು ಕ್ಯಾಪ್ಸೂಲ್‌ಗಳು. ಮೇಲೆ ಎಲೆಯ ಚಿತ್ರ, ಎಲೆಯ ಮೇಲೆ ಇಬ್ಬನಿಯ ಚಿತ್ರ, "ಗ್ರೀನ್ ಟೀ ಸಾರ, ಹತ್ತು ಪಟ್ಟು ಶಕ್ತಿ, ಪೂರ್ತಿ ನೈಸರ್ಗಿಕ" ಅನ್ನುವ ಬರಹ. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

ಯಾರ ಕೆಲಸ ಅಂತ ಯೋಚಿಸಬೇಕಾಗಿರಲಿಲ್ಲ. ಅತ್ತೆ! ಮೇಸ್ತ್ರಿಯ ತಂಗಿ. ಅಣ್ಣನಿಗೆ ಕಾಯಿಲೆ ಅಂತ ಗೊತ್ತಾದಾಗಿನಿಂದ ಬರುವಾಗೆಲ್ಲ ಒಂದು ಚೀಲ ಹಿಡಿದುಕೊಂಡು ಬರುತ್ತಿದ್ದಳು. ಹಣ್ಣಿದೆ, ಬಿಸಿನೀರಿನ ಚೀಲ ಇದೆ ಅನ್ನುತ್ತಿದ್ದಳು. ಆ ಮಧ್ಯಾಹ್ನವೂ ಬಂದಳು. ಬಾಗಿಲಲ್ಲೇ ಬೆಂಕಿಪೊಟ್ಟಣ ಗೀರಿಕೊಂಡು ನಿಂತಿತ್ತು.

"ಇದೇನು ಅತ್ತೆ?"

ಅತ್ತೆ ಬಾಟಲಿ ನೋಡಿದಳು. ಪುಣ್ಯಕ್ಕೆ ಅವಳಿಗೆ ಸುಳ್ಳು ಬರುವುದಿಲ್ಲ. "ಅಯ್ಯೋ, ಅದಾ? ಟೀ ಎಲೆ ಕಣೇ. ಲೋಕವೆಲ್ಲ ಕುಡಿಯೋ ಟೀ. ಅದರ ಸಾರ ಅಷ್ಟೇ."

"ಡಾಕ್ಟರಿಗೆ ಹೇಳಿದ್ಯಾ?"

"ಟೀ ಕುಡಿಯೋಕೂ ಡಾಕ್ಟರನ್ನ ಕೇಳ್ಬೇಕಾ? ಇದೇನು ಔಷಧಿನಾ?"

"ಔಷಧಿ ಅಲ್ಲದಿದ್ರೆ ಯಾಕೆ ಕೊಟ್ಟೆ? ಹೇಳು! ಕೊಡುವಾಗ ಔಷಧಿ, ಕೇಳಿದಾಗ ಟೀ! ಚೆನ್ನಾಗಿದೆ ನಿನ್ನ ನ್ಯಾಯ!"

"ನಾನೇನು ವಿಷ ಕೊಟ್ಟೆನೇನೇ? ಎಲೆ ಅದು, ಎಲೆ!"

"ಬ್ರೇಕಿಗೆ ಹಾಕೋದೂ ಎಣ್ಣೆನೇ ಅತ್ತೆ. ಇಂಜಿನ್ನಿಗೆ ಹಾಕಿ ನೋಡು, ಆಮೇಲೆ ಮಾತಾಡು!"

ಅತ್ತೆಯ ಮುಖ ಬಾಡಿತು. ಚೀಲವನ್ನು ಎದೆಗೆ ಒತ್ತಿಕೊಂಡಳು. "ಅವನು ಏನೂ ತಿನ್ನೋಕಾಗದೆ ವಾಂತಿ ಮಾಡ್ಕೊಂಡು ಒದ್ದಾಡ್ತಿದ್ದ. ನಿನ್ನ ಡಾಕ್ಟರು ಏನಂದ್ರು? ಹೀಗೆಲ್ಲ ಆಗುತ್ತೆ ಅಂದ್ರು. ನೀನೇನಂದೆ? ತಡ್ಕೋ ಅಪ್ಪ ಅಂದೆ. ನೋಡ್ಕೊಂಡು ಸುಮ್ನೆ ಕೂರೋಕೆ ನನಗಾಗಲಿಲ್ಲ ಕಣೇ."

ಮಗಳ ಕೋಪ ಇನ್ನೂ ಏರಿತು. ಅಪ್ಪನನ್ನು ಎಬ್ಬಿಸಿದಳು, ಶಾಲು ಹೊದಿಸಿದಳು, ಬಾಟಲಿಯನ್ನು ಜೇಬಿಗೆ ತುರುಕಿಕೊಂಡಳು, ಅವನನ್ನು ಕಾರಿಗೆ ಹತ್ತಿಸಿದಳು. ಅವನು ಎಲ್ಲಿಗೆ ಅಂತ ಕೇಳಲಿಲ್ಲ. ಎಣ್ಣೆ ಬಟ್ಟೆ ಬಿಚ್ಚಿ ನೆಲದ ಮೇಲೆ ಬಿದ್ದಿದ್ದು ಅವನ ಕಣ್ಣಿಗೆ ಬಿದ್ದಿತ್ತು. ದಾರಿಯುದ್ದಕ್ಕೂ ಗೇರು ಮಾತ್ರ ಮಾತಾಡಿತು. ಅಷ್ಟು ಒರಟಾಗಿ ಬೇರೆ ಯಾರಾದರೂ ಗೇರು ಹಾಕಿದ್ದರೆ ಮೇಸ್ತ್ರಿ ಕಾರಿನಿಂದ ಇಳಿಸಿ ಕಳಿಸುತ್ತಿದ್ದ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೋಣೆಯ ಮುಂದೆ ಸಾಲು ಕುರ್ಚಿಗಳು. ತಲೆಗೆ ಬಟ್ಟೆ ಕಟ್ಟಿದವರು, ಕೈಗೆ ಪಟ್ಟಿ ಹಾಕಿದವರು, ಕಾಯುತ್ತಾ ಕಾಯುತ್ತಾ ಗೋಡೆಯ ಬಣ್ಣದವರೇ ಆಗಿಹೋದವರು. ಸರದಿ ಬರುವವರೆಗೂ ಅವಳು ಕೂರಲಿಲ್ಲ. ಬಂದ ಕೂಡಲೇ ಒಳಗೆ ಹೋಗಿ ಅಪ್ಪನನ್ನು ಡಾಕ್ಟರಮ್ಮನ ಎದುರು ಕೂರಿಸಿ, ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿದಳು.

ಡಾಕ್ಟರಮ್ಮ ಅದನ್ನು ಎತ್ತಿ ಹಿಂದುಮುಂದು ಓದಿದರು. ಮೊದಲ ಬಾರಿಗೆ ಕಂಪ್ಯೂಟರನ್ನು ಪಕ್ಕಕ್ಕೆ ತಳ್ಳಿದರು.

"ಎಷ್ಟು ದಿನದಿಂದ ತಗೊಳ್ತಿದೀರಿ?"

ಮೇಸ್ತ್ರಿ ಚಕ್ರದ ಕಡೆ ನೋಡಿದ. "ರಿಪೋರ್ಟು ಚೆನ್ನಾಗಿ ಬರ್ತಿತ್ತಲ್ಲ ಮೇಡಂ, ಆಗಿಂದ. ಇನ್ನೂ ಬೇಗ ಇಳೀಲಿ ಅಂತ."

"ಅಯ್ಯೋ ದೇವರೇ" ಅಂದರು ಡಾಕ್ಟರಮ್ಮ. "ಒಂದು ಲೋಟ ಟೀ ಆಗಿದ್ರೆ ಮಾತು ಬೇರೆ. ಇದು ಸಾರ, ಅದೂ ಇಷ್ಟು ಗಟ್ಟಿ. ನಾವು ಕೊಡ್ತಿರೋ ಇಂಜೆಕ್ಷನ್ ಇದೆಯಲ್ಲ, ಇದರಲ್ಲಿರೋ ಒಂದು ವಸ್ತು ಹೋಗಿ ಅದನ್ನೇ ಹಿಡ್ಕೊಳ್ಳುತ್ತೆ. ಕೆಲಸ ಮಾಡೋಕೆ ಬಿಡಲ್ಲ. ಲ್ಯಾಬಲ್ಲಿ, ಇಲಿಗಳಲ್ಲಿ ನೋಡಿದ್ದಾರೆ."

"ಹಾಗಾದ್ರೆ ಇದರಿಂದಲೇ ನಿಂತಿದ್ದು?" ಅವಳ ದನಿ ಏರಿತು.

"ಇರಬಹುದು. ಇಲ್ಲದೆಯೂ ಇರಬಹುದು. ಕಾಯಿಲೆಯೇ ಜಗ್ಗದೆ ಇರಬಹುದು. ಖಡಾಖಂಡಿತವಾಗಿ ನಾನು ಹೇಳಲಾರೆ. ಇದನ್ನ ಇವತ್ತೇ ನಿಲ್ಲಿಸಿ, ಅದೇ ಇಂಜೆಕ್ಷನ್ ಇನ್ನೊಂದೆರಡು ಸುತ್ತು ನೋಡೋಣ. ಇಳಿದ್ರೆ ಟ್ರಾನ್ಸ್‌ಪ್ಲಾಂಟ್ ದಾರಿ ಇನ್ನೂ ತೆರೆದಿದೆ. ಆದರೆ ಕಳೆದ ದಿನ ವಾಪಸ್ ಬರಲ್ಲ." ಡಾಕ್ಟರಮ್ಮ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅವರಿಗೂ ಕೋಪ ಬಂದಿತ್ತು. "ನಾನು ಕೇಳಿದ್ನಲ್ಲ ಯಜಮಾನ್ರೇ? ಹೋದ ವಾರವೇ ಕೇಳಿದ್ದೆ. ಇಲ್ಲ ಅಂದ್ರಿ."

ಅಷ್ಟೇ ಸಾಕಾಯಿತು. ಅಪ್ಪನನ್ನು ಬೈಯುವ ಹಕ್ಕು ಅವಳೊಬ್ಬಳದು.

"ಏನು ಕೇಳಿದ್ರಿ ನೀವು? ಮುಖ ನೋಡಿ ಕೇಳಿದ್ರಾ? ಮೊದಲನೇ ದಿನ ಅವನು ಕೇಳಿದ ನಿಮ್ಮನ್ನ, ಉಸಿರಾಟದ ಕ್ಲಾಸಿಗೆ ಹೋಗ್ಲಾ ಮೇಡಂ, ನಿದ್ದೆ ಬರಲ್ಲ, ಮನಸ್ಸು ಹೆದರಿಕೊಂಡಿದೆ ಅಂತ. ನೀವೇನು ಮಾಡಿದ್ರಿ? ನಕ್ಕುಬಿಟ್ರಿ! ಉಸಿರು ಬಿಟ್ರೆ ಕ್ಯಾನ್ಸರ್ ಹೋಗಲ್ಲ ಅಂದ್ರಿ. ಹೋಗುತ್ತೆ ಅಂತ ಅವನೆಲ್ಲಿ ಹೇಳಿದ್ದ? ನಿದ್ದೆ ಬರಲ್ಲ ಅಂದಿದ್ದ. ಗಾಡಿ ತಂದವನ ಮುಖಕ್ಕೇ ನಕ್ಕರೆ ಆಮೇಲೆ ಅವನು ನಿಮಗೆ ನಿಜ ಹೇಳ್ತಾನಾ?"

ನರ್ಸ್ ಬಾಗಿಲಲ್ಲಿ ಇಣುಕಿದಳು. ಡಾಕ್ಟರಮ್ಮ ಕೈಸನ್ನೆ ಮಾಡಿ ಕಳಿಸಿದರು.

"ನಕ್ಕಿದ್ದು ನಿಜ" ಅಂದರು. "ನಗಬಾರದಿತ್ತು. ಉಸಿರಾಟದ ಕ್ಲಾಸು ಮಾಡಬಹುದು. ನಿದ್ದೆಗೆ, ಸಂಕಟಕ್ಕೆ ಸಹಾಯವಾಗುತ್ತೆ. ಕೆಳಗಿನ ಮಹಡಿಯಲ್ಲಿ ನಮ್ಮವರೇ ಹೇಳಿಕೊಡ್ತಾರೆ. ವಾಂತಿಗೆ ಬೇರೆ ಮಾತ್ರೆ ಇದೆ, ಅದನ್ನೂ ಬದಲಾಯಿಸ್ತೀನಿ. ಔಷಧಿ ಜೊತೆಗೆ ಮಾಡೋಕೆ ಎಷ್ಟೋ ಇದೆ. ಆದರೆ ಏನು ಮಾಡ್ತೀರಿ ಅಂತ ನನಗೆ ಗೊತ್ತಿರಬೇಕು." ಮೇಸ್ತ್ರಿಯ ಕಡೆ ತಿರುಗಿದರು. "ನಾನು ನಕ್ಕಿದ್ದಕ್ಕೇನಾ ಇದನ್ನ ಹೇಳದೆ ಇದ್ದದ್ದು?"

ಮೇಸ್ತ್ರಿ ಶಾಲಿನ ಅಂಚು ಹೊಸೆಯುತ್ತಾ ಕೂತಿದ್ದ. ಮಗಳು ಗೆದ್ದವಳಂತೆ ಎದೆಯುಬ್ಬಿಸಿ ನಿಂತಿದ್ದಳು. ಹೇಳು ಅಪ್ಪ, ಇವರ ಮುಖಕ್ಕೇ ಹೇಳಿಬಿಡು ಅಂತ ಅವಳಿಗೆ.

"ನೀವು ನಕ್ಕಿದ್ದು ನನಗೆ ಮರೆತೇ ಹೋಗಿತ್ತು ಮೇಡಂ" ಅಂದ ಮೇಸ್ತ್ರಿ. "ಹೇಳಿಬಿಡೋಣ ಅಂತ ಹೋದ ವಾರ ಬಾಯಿ ತನಕ ಬಂದಿತ್ತು. ಪಕ್ಕದಲ್ಲಿ ಇವಳಿದ್ದಳು."

"ನಾನಾ?"

"ಹೂಂ ಕಣೇ. ನೀನು ಬೈತೀಯಲ್ಲ." ಅವನು ದೂರಿದಂತೆ ಹೇಳಲಿಲ್ಲ, ಮಳೆ ಬರುತ್ತದಲ್ಲ ಅನ್ನುವ ಹಾಗೆ ಹೇಳಿದ. "ಗಿರಾಕಿಗಳಿಗೆ ಬೈಯೋದು ದಿನಾ ನೋಡ್ತೀನಿ. ಆ ಸ್ಟೂಲಿಂದ ನೋಡಿದ್ರೆ ತಮಾಷೆ. ಇಲ್ಲಿ ಕೂತರೆ ಗೊತ್ತಾಗುತ್ತೆ."

ಅವಳು ಬಾಯಿ ತೆರೆದಳು. ಅಲ್ಲ, ಅದೆಂಥ ಮಾತು! ರಾತ್ರಿ ಹಗಲು ಇವನಿಗಾಗಿ ಓಡಾಡಿದ್ದು ಯಾರು? ಇವನು ತಿಂದರೆ ತಿಂದು ಇವನು ಮಲಗಿದರೆ ಮಲಗಿದ್ದು ಯಾರು? ಹೆದರೋದು ಕ್ಯಾನ್ಸರಿಗೆ ಹೆದರಬೇಕು, ಮಗಳಿಗಲ್ಲ! ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಅಪ್ಪ ಆಗಲೇ ತಲೆ ತಗ್ಗಿಸಿ ಭುಜ ಒಳಗೆ ಎಳೆದುಕೊಂಡಿದ್ದ. ಬೆಳಿಗ್ಗೆ ವಕೀಲ ನಿಂತಿದ್ದ ಹಾಗೆಯೇ. ಅವಳು ಬಾಯಿ ಮುಚ್ಚಿದಳು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಮೇಸ್ತ್ರಿಯ ಎದುರಿಗೇ ಬಂದು ಕೂತರು. ಈ ಸಲ ಮುಖ ನೋಡಿ ಕೇಳಿದರು.

"ಇದೊಂದೇನಾ ಯಜಮಾನ್ರೇ? ಬೇರೆ ಇನ್ನೇನಾದರೂ? ಪುಡಿ, ಕಷಾಯ, ಎಣ್ಣೆ, ಮಾಲಿಶು? ಯಾರಾದ್ರೂ ಕೈ ಹಾಕಿದ್ರಾ?"

ಮೇಸ್ತ್ರಿ ಡಾಕ್ಟರಮ್ಮನನ್ನು ನೋಡಲಿಲ್ಲ, ಚಕ್ರವನ್ನೂ ನೋಡಲಿಲ್ಲ. ಮಗಳ ಕಡೆ ನೋಡಿದ.

ಇದೆ! ಇನ್ನೂ ಇದೆ! ಅವಳ ಮೈಯೆಲ್ಲ ಹೊತ್ತಿಕೊಂಡಿತು. ಆದರೆ ಅವಳು ಮಾಡಿದ್ದು ಇಷ್ಟೇ. ಬಗ್ಗಿ ಅಪ್ಪನ ಶಾಲನ್ನು ಭುಜದ ಮೇಲೆ ಸರಿಮಾಡಿದಳು. "ನಾನು ಹೊರಗಿರ್ತೀನಿ ಅಪ್ಪ" ಅಂದಳು. ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

ಬಾಗಿಲಿಗೆ ಒಂದು ಸಣ್ಣ ಗಾಜಿನ ಕಿಂಡಿಯಿತ್ತು. ಮಾತು ಕೇಳುತ್ತಿರಲಿಲ್ಲ, ಕಾಣುತ್ತಿತ್ತು ಮಾತ್ರ. ಅಪ್ಪ ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ಡಾಕ್ಟರಮ್ಮನ ಕಡೆ ಬಗ್ಗಿದ. ಕಿರುಬೆರಳು ಮಡಚಿದ. ಪಕ್ಕದ ಬೆರಳು ಮಡಚಿದ. ಸೊಂಟ ಮುಟ್ಟಿ ತೋರಿಸಿದ. ಇನ್ನೊಂದು ಬೆರಳು. ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದರು. ಒಮ್ಮೆ ಅವರ ಹುಬ್ಬು ಮೇಲೆ ಹೋಯಿತು, ನಗಲಿಲ್ಲ. ಅಪ್ಪನ ಎಣಿಕೆ ಎಡಗೈ ಮುಗಿಸಿ ಬಲಗೈಗೆ ಬಂತು.

ಬಲಗೈಗೂ! ಎಲಾ ಮುದುಕ! ಅವಳು ಹಲ್ಲು ಕಚ್ಚಿಕೊಂಡಳು. ಒಳಗೆ ನುಗ್ಗಿ ಹಿಡಿದು ಜಗ್ಗಾಡಿಸಿ ಕೇಳಬೇಕು ಅನ್ನಿಸಿತು, ಯಾವುದು, ಎಲ್ಲಿ ಬಚ್ಚಿಟ್ಟಿದ್ದೆ, ಯಾರು ಕೊಟ್ಟರು ಅಂತ. ಬಾಗಿಲ ಹಿಡಿಯ ಮೇಲೆ ಕೈಯಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದಕ್ಕೂ ಅವಳಿಗೆ ಕೋಪ ಬಂತು.

ಹೊರಗಿಂದ ಯಾರೂ, ತಾನೂ, ತೆರೆಯದಂತೆ ಆ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ, ಅಪ್ಪ ಹೇಳಿ ಮುಗಿಸುವವರೆಗೂ ನಿಂತಿದ್ದಳು.